ಕೊಳಲನ್ನು ತೆಗೆದು ನೋಡು: ಅಳಿಯನಿಗೊಂದು ಪತ್ರ

ಕೊಪ್ಪಳ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಐದು ನಿಮಿಷದ ಚಿತ್ರವನ್ನು ನಾಲ್ಕು ಸಲ ನೋಡಿದೆ. ಕೊನೆಯ ಸಲ ಕಣ್ಣು ಮುಚ್ಚಿ ಕೇಳಿದೆ. ನನ್ನ ಅಕ್ಕನ, ಅಂದರೆ ನಿನ್ನ ಅವ್ವನ ಕೈ, ಒಲೆಯ ಬೆಳಕು, ಹಾರುವ ಹಿಟ್ಟು ಎಲ್ಲವೂ ಚೆನ್ನಾಗಿ ಬಂದಿವೆ. ಆದರೆ ರೊಟ್ಟಿ ಬಡಿಯುವ ಸದ್ದಿನ ಮೇಲೆ ಆ ಕೊಳಲನ್ನು ಯಾಕೆ ಹೊದಿಸಿದೆ?

“ಜೊತೆಯವರೆಲ್ಲ ಕ್ಯಾಮೆರಾ ಹಿಡಿದು ಬೆಳೆದರು, ನಾನು ತಬಲಾ ಬಾರಿಸಿ ಕಾಲ ಕಳೆದೆ” ಎಂದು ನಿನ್ನ ಬಗ್ಗೆ ಬರೆದಿದ್ದೀಯ. ಓದಿ ಮನಸ್ಸಿಗೆ ನೋವಾಯಿತು. ಆ ರೊಟ್ಟಿಯ ಸದ್ದನ್ನೇ ಕೇಳು. ಹಿಟ್ಟು ದಪ್ಪಗಿರುವಾಗ ಏಟು ತಬಲಾ ಜೋಡಿಯ ದೊಡ್ಡದಾದ ಡಗ್ಗಾದಂತೆ ಮಂದವಾಗಿ ಬೀಳುತ್ತದೆ. ರೊಟ್ಟಿ ಅಗಲವಾಗುತ್ತ ತೆಳ್ಳಗಾದಂತೆ ಸದ್ದು ಬಿಗಿಯಾಗುತ್ತದೆ, ಲಯವೂ ಏರುತ್ತದೆ. ಆಮೇಲೆ ಥಟ್ಟನೆ ಏನೂ ಇಲ್ಲ. ಅಕ್ಕ ರೊಟ್ಟಿಯನ್ನು ಅಂಗೈ ಮೇಲೆತ್ತಿ ಹಂಚಿಗೆ ಹಾಕಿ ನೀರು ಸವರಿದಾಗ ಚುಂಯ್ ಎನ್ನುತ್ತದೆ. ಏಟಿಗೂ ಚುಂಯ್‌ಗೂ ನಡುವಿನ ಆ ಗಳಿಗೆಯೇ ನಿನ್ನ ಚಿತ್ರದ ಖಾಲಿ, ತಾಳದಲ್ಲಿ ಚಪ್ಪಾಳೆ ಬೀಳದ ಜಾಗವಿದ್ದಂತೆ. ಅದು ತಬಲಾ ಕಲಿತ ಕಿವಿಗೆ ಮಾತ್ರ ಸಿಗುತ್ತದೆ. ನೀನೇ ಅದನ್ನು ಕೊಳಲಿನಿಂದ ತುಂಬಿಬಿಟ್ಟೆ.

ಇನ್ನೊಂದು ಮಾತು. ಪ್ರತಿ ಏಟಿಗೂ ಒಂದು ಕಟ್ ಇಟ್ಟಿದ್ದೀಯ. ತಾಳ ಸುತ್ತಿ ಬಂದು ಸೇರುವ ಮೊದಲ ಎಣಿಕೆಗೆ, ಸಮ್‌ಗೆ, ಬಂದು ಬೀಳುವ ಆಸೆ ಅದು, ನನಗೆ ಗೊತ್ತು. ಎರಡನೆಯ ಸುತ್ತಿಗೇ ನೋಡುವವನಿಗೆ ಮುಂದಿನದು ತಿಳಿದುಹೋಗುತ್ತದೆ. ಲೆಕ್ಕ ನಿನಗೆ ಹೊಸದಲ್ಲ: ಚಿತ್ರದಲ್ಲಿ ಸೆಕೆಂಡಿಗೆ 24 ಫ್ರೇಮ್. ನಿಮಿಷಕ್ಕೆ 60 ಮಾತ್ರೆಯ, ಅಂದರೆ 60 ಎಣಿಕೆಯ, ಲಯವಾದರೆ ಮಾತ್ರೆಗೆ 24 ಫ್ರೇಮ್, ಇಮ್ಮಡಿ ವೇಗದ ದುಗುನ್‌ನಲ್ಲಿ 12, ಹದಿನಾರು ಮಾತ್ರೆಯ ತೀನ್‌ತಾಲದ ಒಂದು ಸುತ್ತಿಗೆ 384. ಕೆಲವು ಕಟ್‌ಗಳನ್ನು ಏಟಿಗಿಂತ ಐದಾರು ಫ್ರೇಮ್ ಮುಂಚೆ ಇಟ್ಟು ನೋಡು. ಸಮ್ ನೋಡುವವನ ಎದೆಯಲ್ಲಿ ಬೀಳಲಿ.

ನಾನೂ ಈ ತಪ್ಪು ಮಾಡಿದವನೇ. ಇಪ್ಪತ್ತರ ವಯಸ್ಸಿನಲ್ಲಿ ಜಾತ್ರೆಯ ನಾಟಕವೊಂದಕ್ಕೆ ತಬಲಾ ಸಾಥ್ ಕೊಡುತ್ತಿದ್ದೆ. ತಾಯಿ ಮಗನ ಹೆಣದ ಮುಂದೆ ಕೂರುವ ದೃಶ್ಯ. ನಾನು ಹುರುಪಿನಿಂದ ತಿಹಾಯಿ ಎತ್ತಿದೆ, ಒಂದೇ ಬೋಲನ್ನು ಮೂರು ಸಲ ಬಾರಿಸಿ ಸಮ್‌ಗೆ ಬರುವ ಆ ಕಸರತ್ತು. ಹಾರ್ಮೋನಿಯಂ ಮಾಸ್ತರರು ಏನೂ ಹೇಳದೆ ತಮ್ಮ ಎಡಗೈಯನ್ನು ನನ್ನ ತಬಲಾದ ಮೇಲಿಟ್ಟರು. ಇಡೀ ಪೆಂಡಾಲಿನಲ್ಲಿ ಪೆಟ್ರೋಮ್ಯಾಕ್ಸಿನ ಸುಂಯ್ ಒಂದೇ ಉಳಿಯಿತು. ಜನ ಅತ್ತದ್ದು ಆಗ.

ಬಂಗಾಳಿ ನಿರ್ದೇಶಕ ಸತ್ಯಜಿತ್ ರೇ ಮೊದಲು ಸಿತಾರ್ ವಿದ್ವಾಂಸರಾದ ರವಿಶಂಕರ್, ವಿಲಾಯತ್ ಖಾನ್ ಅವರಂಥವರಿಂದ ಸಂಗೀತ ಮಾಡಿಸಿ, 1961ರಿಂದ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ಕೂಡಿಸಿದರು. ವಿದ್ವಾಂಸರ ಮನಸ್ಸು ರಾಗ ಬೆಳೆಸುವ ಕಡೆಗೆ ಎಳೆಯುತ್ತದೆ, ಚಿತ್ರಕ್ಕೆ ಕೆಲವೊಮ್ಮೆ ನಾಲ್ಕೇ ಸ್ವರ ಸಾಕು.

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕುವಾಗ ನಿರ್ದೇಶನವೊಂದನ್ನೇ ಹಿಡಿದು ಕೂರಬೇಡ. ಅಲ್ಲಿ ಸಂಕಲನಕ್ಕೂ ಧ್ವನಿಗೂ ಬೇರೆಯೇ ಕೋರ್ಸುಗಳಿವೆ. ನಿನ್ನ ಕೈ ಅಲ್ಲಿ ಬೇಗ ಪಳಗುತ್ತದೆ ಎಂದು ನನಗೆ ಅನಿಸುತ್ತದೆ. ನಿರ್ದೇಶನಕ್ಕೆ ದಾರಿ ಅಲ್ಲಿಂದಲೂ ಇದೆ. ಫೀಸಿನ ಚಿಂತೆ ನನಗೆ ಬಿಡು.

ಹಬ್ಬಕ್ಕೆ ಬಂದಾಗ ಅಡಿಗೆಮನೆಯ ಬರಿಯ ಮೌನವನ್ನೂ ಅರ್ಧ ನಿಮಿಷ ರೆಕಾರ್ಡ್ ಮಾಡಿಕೋ. ತಂಬೂರಿಯ ಶ್ರುತಿಯಂತೆ ಅದನ್ನು ಅಡಿಯಲ್ಲಿ ಹಾಸಿದರೆ ಕತ್ತರಿಸಿದ ಕಡೆ ಸದ್ದು ಹರಿದಂತೆ ಕೇಳುವುದಿಲ್ಲ. ಆಮೇಲೆ ಕೊಳಲಿಲ್ಲದ ಪ್ರತಿಯನ್ನು ನನಗೆ ಕಳಿಸು. ಅಕ್ಕನ ಪಕ್ಕದಲ್ಲಿ ಕೂತು ನೋಡುತ್ತೇನೆ. ತನ್ನ ಕೈಯ ಸದ್ದನ್ನು ಅವಳು ಇದುವರೆಗೆ ಹೊರಗಿನಿಂದ ಕೇಳಿಯೇ ಇಲ್ಲ.

ಇಂತಿ,
ನಿನ್ನ ಸೋದರಮಾವ