ಹೊಸ ಮಾನಿಟರ್ ಆಮೇಲೆ, ಮೊದಲು ಪ್ರೋಬ್ ಕೊಡಿಸಿ: ಕೊಡಗಿನ ಇಬ್ಬರು ಶಾಸಕರಿಗೆ ಬಹಿರಂಗ ಪತ್ರ

ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಮಾನ್ಯ ಶಾಸಕರೇ,

ಆಪರೇಷನ್ ಥಿಯೇಟರಿನ ಮಾನಿಟರ್ ಕೈಕೊಡುವುದು ಹೆಚ್ಚಾಗಿ ಮೂರು ಕಡೆ: ಬೆರಳಿಗೆ ಸಿಕ್ಕಿಸುವ ಪ್ರೋಬ್, ಎದೆಗೆ ಅಂಟಿಸುವ ಎಲೆಕ್ಟ್ರೋಡ್, ಒಳಗಿನ ಬ್ಯಾಟರಿ. ತಾಲ್ಲೂಕು ಆಸ್ಪತ್ರೆಗಳ ಅನುದಾನದಲ್ಲಿ ಈ ಮೂರಕ್ಕೆ ಪ್ರತ್ಯೇಕ ಹಣ ಇಡಿಸಿ ಎಂಬುದು ನಮ್ಮ ಕೋರಿಕೆ.

ಪ್ರೋಬ್ 660 ನ್ಯಾನೋಮೀಟರಿನ ಕೆಂಪು ಬೆಳಕು, 940ರ ಅವಕೆಂಪು ಬೆಳಕು ಎರಡನ್ನೂ ಬೆರಳಿನೊಳಗೆ ಹಾಯಿಸಿ, ಪ್ರತಿ ಬಡಿತಕ್ಕೆ ಯಾವುದು ಎಷ್ಟು ಹೀರಿಕೆಯಾಯಿತೆಂದು ಹೋಲಿಸಿ ರಕ್ತದಲ್ಲಿನ ಆಮ್ಲಜನಕದ ಲೆಕ್ಕ ಕೊಡುತ್ತದೆ. ಬಡಿತ ಸಿಗದಿದ್ದರೆ ಲೆಕ್ಕವೂ ಇಲ್ಲ. ಕಕ್ಕಡ ತಿಂಗಳ ಮಳೆಚಳಿಗೆ ಮರಗಟ್ಟಿದ ಬೆರಳು, ಗಾಢ ಮೆಹೆಂದಿ, ಉಗುರು ಬಣ್ಣ, ಬಿಪಿ ಪಟ್ಟಿ ಕಟ್ಟಿದ ಕೈ, ಯಾವುದಿದ್ದರೂ ಅಂಕಿ ಕೆಡಬಹುದು. ಅದಕ್ಕೇ ಅಂಕಿಗೆ ಮೊದಲು ಪರದೆಯಲ್ಲಿ ಪ್ರತಿ ಬಡಿತಕ್ಕೆ ಏಳುವ ಅಲೆಯ ಆಕಾರ ನೋಡಬೇಕು. ಕೈ ಬೆಚ್ಚಗಾಗಿಸಿದರೂ ಅಲೆ ಬಾರದಿದ್ದರೆ ಕಿವಿಯ ಪ್ರೋಬ್ ಬೇಕು. ಇದನ್ನೂ ಮಕ್ಕಳ ಪ್ರೋಬನ್ನೂ ಸಾಮಾನ್ಯವಾಗಿ ಬೇರೆಯಾಗಿಯೇ ತರಿಸಬೇಕು. ಆಮ್ಲಜನಕ ಇಳಿದಂತೆ ಮಾನಿಟರಿನ ಬೀಪ್ ಸ್ವರವೂ ತಗ್ಗುತ್ತದೆ. ಬೆನ್ನು ತಿರುಗಿಸಿ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದರೂ ಕಿವಿಗೆ ಗೊತ್ತಾಗುತ್ತದೆ. ಕಿರಿಕಿರಿಯೆಂದು ಅದನ್ನು ಮ್ಯೂಟ್ ಮಾಡುವ ಚಾಳಿ ಬಿಡಿಸಲು ಅನುದಾನ ಬೇಡ, ಒಂದು ಸುತ್ತೋಲೆ ಸಾಕು.

ಹೃದಯದ ಲಯ ತಪ್ಪಿದ್ದು ಇಸಿಜಿಯ ಲೀಡ್ 2 ಎಂಬ ಗೆರೆಯಲ್ಲಿ ಚೆನ್ನಾಗಿ ಕಾಣುತ್ತದೆ, ಎಲೆಕ್ಟ್ರೋಡ್ ಸರಿಯಿದ್ದರೆ. ಪ್ಯಾಕೆಟ್ ಒಡೆದಿಟ್ಟದ್ದರ ಜೆಲ್ ಒಣಗಿರುತ್ತದೆ. ಮೇಲೆ ಪ್ಲಾಸ್ಟರ್ ಅಂಟಿಸಿದರೆ ನಿಲ್ಲುತ್ತದೆಯೇ ಹೊರತು ಗೆರೆ ಶುದ್ಧವಾಗುವುದಿಲ್ಲ. ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಕಾಟರಿ ಒತ್ತಿದಾಗಲೂ ಬೆನ್ನಿಗೆ ಅರಿವಳಿಕೆ ಪಡೆದ ರೋಗಿ ನಡುಗಿದಾಗಲೂ ಬರುವ ಗೀಚು, ಹೃದಯ ಬಡಿಯದೆ ಬರೀ ಅದುರುವ ವಿಎಫ್‌ನಂತೆಯೇ ಕಾಣಬಹುದು. ಬೆರಳಿನ ಅಲೆ ಸಮನಾಗಿ ಓಡುತ್ತಿದ್ದರೆ ಅದು ವಿಎಫ್ ಅಲ್ಲ. ಅದೂ ಚಪ್ಪಟೆಯಾಗಿ, ಕತ್ತಿನ ನಾಡಿಯೂ ಸಿಗದಿದ್ದರೆ ತಕ್ಷಣ ಎದೆ ಒತ್ತಬೇಕು. ವಿಎಫ್ ಆಗಿದ್ದರೆ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರಿನಿಂದ, ಅದು ಎರಡು ದಿಕ್ಕಿಗೆ ವಿದ್ಯುತ್ ಹರಿಸುವ ಬೈಫೇಸಿಕ್ ಬಗೆಯದಾದರೆ, 120ರಿಂದ 200 ಜೂಲ್ ಶಾಕ್. ಮಕ್ಕಳ ನಾಡಿ ನಿಧಾನವಾದರೆ ನಾಡಿ ಚುರುಕಾಗಿಸುವ ಔಷಧಿ ಅಟ್ರೋಪಿನ್ ಹುಡುಕುವ ಮೊದಲು ಉಸಿರಿನ ದಾರಿ, ಆಮ್ಲಜನಕ ನೋಡಬೇಕು.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಜನರೇಟರ್ ಹತ್ತುವ ತನಕ ಬ್ಯಾಟರಿಯೇ ಗತಿ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಎಷ್ಟು ನಿಮಿಷ ಓಡಿತೆಂದು ಪುಸ್ತಕದಲ್ಲಿ ಬರೆಸಿ. ಡಿಫಿಬ್ರಿಲೇಟರಿನ ಪರೀಕ್ಷೆ ದಿನವೂ ಆಗಲಿ.

ಇನ್ನು ಆಂಬುಲೆನ್ಸ್. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಮ್ಲಜನಕ. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಅದೂ ರಸ್ತೆ ತೆರೆದಿದ್ದರೆ. ಎರಡನೇ ಸಿಲಿಂಡರೂ ಅದನ್ನು ತೆರೆಯುವ ಕೀಯೂ ಗಾಡಿಯಲ್ಲೇ ಇರಲಿ.

ಇಂತಿ,
ಅರಿವಳಿಕೆ ವೈದ್ಯರು ಮತ್ತು ಓಟಿ ತಂತ್ರಜ್ಞರು, ಕೊಡಗು