61ಬಿ ಬಸ್ಸೂ ನಿಮ್ಮಮ್ಮನೂ

ಪುಟ್ಟಿ,

ಈ ಕಾಗದ ನಿಮ್ಮಮ್ಮನ ಸೂಟ್‌ಕೇಸಿನಲ್ಲಿ ಬರುತ್ತಿದೆ. ಚಟ್ನಿಪುಡಿ ಡಬ್ಬದ ಕೆಳಗೆ ಇಟ್ಟಿದ್ದೇನೆ. ಅವಳಿಗೆ ಗೊತ್ತಿಲ್ಲ. ವಾಟ್ಸಾಪಿನಲ್ಲಿ ಹಾಕಿದರೆ ನೀನು ಅರ್ಧ ಓದಿ 'ಆಯ್ತಪ್ಪ' ಅಂತ ಕಳಿಸಿಬಿಡುತ್ತೀಯ.

ಭಾನುವಾರ ಫೋನಿನಲ್ಲಿ ಏನಾಯ್ತು ಅಂತ ಮತ್ತೆ ಬರೆಯುವುದಿಲ್ಲ. ನಾನು ಅಷ್ಟು ಜೋರು ಮಾಡಬಾರದಿತ್ತು. ಆದರೆ ಹೇಳಿದ ಮಾತು ವಾಪಸ್ ತಗೊಳ್ಳುವುದಿಲ್ಲ. "ಅಮ್ಮ ಒಬ್ಬಳೇ ಹೊರಗೆ ಹೋಗೋದು ಬೇಡ, ಶನಿವಾರ ನಾನೇ ಕರ್ಕೊಂಡು ಹೋಗ್ತೀನಿ" ಅಂದೆಯಲ್ಲ. ಹಾಸನದಿಂದ ಅಮೆರಿಕದ ಪಿಟ್ಸ್‌ಬರ್ಗಿಗೆ ಅಷ್ಟು ದೂರ ಬರುವುದು ನಿನ್ನ ಕಿಟಕಿಯಲ್ಲಿ ಅಳಿಲು ನೋಡುವುದಕ್ಕಾ? ನನ್ನ ಮಂಡಿ ನೆಟ್ಟಗಿದ್ದಿದ್ದರೆ ಜೊತೆಗೆ ಬಂದು ನಾನೇ ಸುತ್ತಿಸುತ್ತಿದ್ದೆ. ಈಗ ಅವಳೇ ಸುತ್ತಬೇಕು.

ಬಸ್ಸಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಬೇಡ. ಕಂಡಕ್ಟರ್ ಆಗಿ ರಿಟೈರ್ ಆದವನು ನಾನು. ಹೋದ ವರ್ಷ ನೀನು ಲ್ಯಾಬಿಗೆ ಹೋದ ಮೇಲೆ ನಾನು ಪಾರ್ಕಿನಲ್ಲಿ ಕೂತಿರುತ್ತೇನೆ ಅಂದುಕೊಂಡಿದ್ದೆಯಲ್ಲ, ಕೂತಿರಲಿಲ್ಲ. ಕಾರ್ಡ್ ಹಿಡಿದು ಪಿಟ್ಸ್‌ಬರ್ಗಿನ ಬಸ್ ಹತ್ತುತ್ತಿದ್ದೆ. ಡ್ರೈವರ್ ಹಿಂದಿನ ಸೀಟು ಖಾಲಿ ಇದ್ದರೆ ಅದೇ ನನ್ನ ಜಾಗ. ಅಲ್ಲಿ ಕಂಡಕ್ಟರ್ ಇಲ್ಲ, ಸೀಟಿ ಇಲ್ಲ, ರೈಟ್ ಇಲ್ಲ, ಹೋಲ್ಡಾನ್ ಇಲ್ಲ. ಕಿಟಕಿ ಪಕ್ಕದ ಹಳದಿ ಹಗ್ಗ ಎಳೆದರೆ ಟಿಂಗ್ ಅನ್ನುತ್ತದೆ, ಮುಂದಿನ ಸ್ಟಾಪಿನಲ್ಲಿ ನಿಲ್ಲಿಸುತ್ತಾರೆ. ಗಾಲಿಕುರ್ಚಿಯ ಮುದುಕರೊಬ್ಬರು ಸ್ಟಾಪಿನಲ್ಲಿ ಕಾಯುತ್ತಿದ್ದರೆ ಬಸ್ಸೇ ಉಸ್ ಅಂತ ಬಗ್ಗುತ್ತದೆ. ಹಲಗೆ ಇಳಿಯುತ್ತದೆ. ಡ್ರೈವರ್ ಎದ್ದು ಬಂದು ಬೆಲ್ಟಿನಿಂದ ಗಾಲಿ ಕಟ್ಟುವವರೆಗೂ ಒಬ್ಬರೂ ಗೊಣಗುವುದಿಲ್ಲ. ಇಳಿಯುವಾಗ ಹಿಂದಿನ ಬಾಗಿಲಿನಿಂದಲೂ ಕೂಗಿ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ನನ್ನ ಇಡೀ ಸರ್ವಿಸಿನಲ್ಲಿ ನನಗೆ ಥ್ಯಾಂಕ್ಸ್ ಹೇಳಿದವರಿಗಿಂತ ಟಿಕೆಟ್ ಹಿಂದೆ ಬರೆದುಕೊಟ್ಟ ಚಿಲ್ಲರೆಗೆ ಜಗಳ ತೆಗೆದವರೇ ಜಾಸ್ತಿ.

ಚಿಲ್ಲರೆ ಅಂದ ಮೇಲೆ ನೆನಪಾಯ್ತು. ಅವಳ ಕೈಗೆ ನೋಟು ಕೊಟ್ಟು ಬಸ್ ಹತ್ತಿಸಬೇಡ. ಅಲ್ಲಿ ಡ್ರೈವರ್ ಹತ್ತಿರದ ಡಬ್ಬಕ್ಕೆ ಹಾಕಿದ ದುಡ್ಡಿಗೆ ಚಿಲ್ಲರೆ ವಾಪಸ್ ಬರುವುದಿಲ್ಲ, ಬಸ್ ಬದಲಾಯಿಸಿದರೆ ಮತ್ತೆ ಪೂರ್ತಿ ದುಡ್ಡು ಹಾಕಬೇಕು. ಕನೆಕ್ಟ್‌ಕಾರ್ಡ್ ಮಾಡಿಸಿಕೊಡು. ಒಂದು ಸಲ ಮುಟ್ಟಿಸಿದರೆ ಮೂರು ಗಂಟೆ ಎಷ್ಟು ಬಸ್ ಬೇಕಾದರೂ ಹತ್ತಬಹುದು. ಡೌನ್‌ಟೌನಿನಿಂದ ನದಿಯ ಕೆಳಗೆ ಆಚೆ ದಡಕ್ಕೆ ಹೋಗುವ ಟಿ ರೈಲಿಗೆ ದುಡ್ಡೇ ಇಲ್ಲ. ಅದು ನಿಮ್ಮಮ್ಮನಿಗೆ ಹಿಡಿಸುತ್ತದೆ. ಅದೇ ಕಾರ್ಡಿನಲ್ಲಿ ಮೊನಾಂಗಹೀಲಾ ಇಂಕ್ಲೈನ್ ಹತ್ತಿಸು, ಗುಡ್ಡಕ್ಕೆ ಹಗ್ಗದಲ್ಲಿ ಎಳೆಯುವ ಹಳಿ ಗಾಡಿ. 1870ರಿಂದ ಆ ಗಾಡಿಗಳು ಗುಡ್ಡ ಹತ್ತಿ ಇಳಿಯುತ್ತಿವೆ. ಒಂದು ಮೇಲೆ ಬರುವಾಗ ಇನ್ನೊಂದು ಕೆಳಗೆ ಹೋಗುತ್ತದೆ, ಅಷ್ಟೇ ಅದರ ಲೆಕ್ಕ. ಕಣ್ಣು ಮುಚ್ಚಿಕೊಂಡು ವೆಂಕಟರಮಣನನ್ನು ನೆನೆಯುತ್ತಾಳೆ, ನೆನೆಯಲಿ. ವೆಂಕಟರಮಣನ ದೇವಸ್ಥಾನವೂ ಪೆನ್ ಹಿಲ್ಸಿನಲ್ಲಿ 1976ರಿಂದ ಇದೆ. ಅಲ್ಲಿಗೆ ಮಾತ್ರ ನಿನ್ನ ಗೆಳತಿಯ ಕಾರಿನಲ್ಲೇ ಹೋಗಿ, ಶನಿವಾರ.

ಅವಳು ತಪ್ಪುವುದು ಎಲ್ಲಿ ಅಂತ ನನಗೆ ಗೊತ್ತು. ಓಕ್ಲೆಂಡ್ ಬಡಾವಣೆಯಲ್ಲಿ ಡೌನ್‌ಟೌನಿನಿಂದ ಬರುವ 61 ನಂಬರಿನ ಬಸ್ಸು ಫೋರ್ಬ್ಸ್ ರಸ್ತೆಯಲ್ಲಿ ಇಳಿಸುತ್ತದೆ, ಡೌನ್‌ಟೌನಿಗೆ ವಾಪಸ್ ಹೋಗುವುದು ಫಿಫ್ತ್ ರಸ್ತೆಯಲ್ಲಿ ಸಿಗುತ್ತದೆ. ಇಳಿದ ಕಡೆ ಎದುರಿಗೆ ನಿಂತರೆ ಸಾಯಂಕಾಲದವರೆಗೂ ನಿಂತಿರಬೇಕು. ನಾನು ನಿಂತಿದ್ದೆ. ನಿನಗೆ ಹೇಳಿರಲಿಲ್ಲ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು, ಅಲ್ಲಿ ವಾಹನ ಬಲಬದಿಯಲ್ಲಿ ತಾನೇ. ಹಸಿರು ದೀಪ ಬಿದ್ದ ತಕ್ಷಣ ಕಾಲಿಡಬಾರದು. ಆ ಊರಿನಲ್ಲಿ ಎದುರಿನ ಕಾರಿನವನು ಎಡಕ್ಕೆ ತಿರುಗಬೇಕಿದ್ದರೆ ಎಲ್ಲರಿಗಿಂತ ಮೊದಲು ನುಗ್ಗಿಬಿಡುತ್ತಾನೆ. ಅದಕ್ಕೆ 'ಪಿಟ್ಸ್‌ಬರ್ಗ್ ಲೆಫ್ಟ್' ಅಂತ ಹೆಸರು ಬೇರೆ! ಮ್ಯಾಪಿನಲ್ಲಿ ರಸ್ತೆ ಅಂತ ಕಾಣುವುದು ಹೋಗಿ ನೋಡಿದರೆ ಗುಡ್ಡಕ್ಕೆ ಹತ್ತುವ ಮೆಟ್ಟಿಲಾಗಿರುತ್ತದೆ, ಹಾಗಾಗಿ ಅಡ್ಡದಾರಿ ಬೇಡ ಅನ್ನು. ದಾರಿ ತಪ್ಪಿದರೆ ಕೆಥೆಡ್ರಲ್ ಆಫ್ ಲರ್ನಿಂಗ್ ಕಡೆಗೆ ನಡೆಯಲಿ. ಚರ್ಚಲ್ಲ, ಯೂನಿವರ್ಸಿಟಿಯ ಕಟ್ಟಡ. 42 ಮಹಡಿ, ಎಲ್ಲಿಂದಲೂ ಕಾಣುತ್ತದೆ. ಒಳಗೆ ಬೆಚ್ಚಗಿರುತ್ತದೆ, ಬಾತ್‌ರೂಮ್ ಇದೆ, ನಳಂದದ ಥರ ಕಟ್ಟಿದ ನಮ್ಮ ದೇಶದ ಕೋಣೆಯೂ ಒಂದಿದೆ.

ಇಷ್ಟೆಲ್ಲ ಧೈರ್ಯ ಹೇಳಿದವನು ಈಗ ಬೇರೆ ರಾಗ ಹಾಡುತ್ತಾನೆ ಅಂತ ನಗಬೇಡ. ನೀನು ಬಾಡಿಗೆ ಕಮ್ಮಿ ಅಂತ ಸ್ವಿಸ್‌ವೇಲಿಗೆ ಮನೆ ಬದಲಾಯಿಸಿದ್ದೀಯ. 61ಬಿ ಅಲ್ಲಿಗೆ ಹೋಗುವುದು ಆ ಫರ್ನ್ ಹಾಲೋ ಸೇತುವೆ ಮೇಲೆ.

ಹೋದ ವರ್ಷ ನಾವಿಬ್ಬರೂ ಅದರ ಮೇಲೆ ಹೋದೆವು. ಕಿಟಕಿ ಹತ್ತಿರ ನಾನು. ಎರಡೂ ಕಡೆ ಮರದ ತುದಿಗಳು ಕೆಳಗೆ ಕಾಣುತ್ತಿದ್ದವು, ಫ್ರಿಕ್ ಪಾರ್ಕಿನ ಕಣಿವೆ. ಚೆನ್ನಾಗಿದೆ ಅಂದೆ. ದಾಟಿದ ಮೇಲೆ ನೀನು, ಮೊಬೈಲಿನಿಂದ ತಲೆ ಎತ್ತದೆ, "ಅಪ್ಪಾ, ಬಿದ್ದುಹೋಗಿತ್ತಲ್ಲ, ಅದೇ ಜಾಗ ಇದು" ಅಂದೆ. ನಾನು ತಿರುಗಿ ನೋಡಿದೆ. ನೀನು ಯಾರಿಗೋ ಮೆಸೇಜ್ ಮಾಡುತ್ತಿದ್ದೆ.

ಊರಿಗೆ ಬಂದ ಮೇಲೆ ಸಿಕ್ಕಿದ್ದೆಲ್ಲ ಓದಿದೆ. 2022ರ ಜನವರಿ 28, ಬೆಳಿಗ್ಗೆ ಏಳು ಇನ್ನೂ ಆಗಿರಲಿಲ್ಲ. ಹಿಮ ಬಿದ್ದಿತ್ತು. ಶಾಲೆಗಳು ಎರಡು ಗಂಟೆ ತಡವಾಗಿ ಶುರುವಾಗುವ ದಿನ, ಅದಕ್ಕೇ ಗಾಡಿಗಳು ಕಮ್ಮಿ. ಫರ್ನ್ ಹಾಲೋ ಸೇತುವೆ ಪೂರ್ತಿ ಕುಸಿದಾಗ ಮೇಲಿದ್ದ ಗಾಡಿಗಳಲ್ಲಿ ಒಂದು 61ಬಿ ಬಸ್ಸು, ನಮ್ಮ ಬೆಂಗಳೂರಿನ ವೆಸ್ಟಿಬ್ಯೂಲ್ ಬಸ್ಸಿನಂಥ ಉದ್ದದ್ದು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಬಸ್ಸನ್ನು ಕ್ರೇನಿನಿಂದ ಎತ್ತಿದರು. ಮುರಿದ ಸಿಮೆಂಟ್ ಹಲಗೆಯ ಮೇಲೆ ವಾಲಿಕೊಂಡಿದ್ದ ಆ ಬಸ್ಸಿನ ಫೋಟೋ ನೋಡುತ್ತೇನೆ. ಆ ಡ್ರೈವರಿಗೆ ಏನನಿಸಿರಬೇಕು? ಚಕ್ರದ ಕೆಳಗೆ ರಸ್ತೆ ಅಲ್ಲಾಡಿದರೆ ಬ್ರೇಕ್ ಒತ್ತುವುದಾ, ಮುಂದೆ ಹೋಗುವುದಾ? ರಾತ್ರಿ ಮಲಗಿ ಇದನ್ನೇ ಯೋಚಿಸುತ್ತೇನೆ. ಸೀಟಿ ಊದುವವನು ಇದ್ದಿದ್ದರೂ ಏನು ಮಾಡುತ್ತಿದ್ದ.

ನನಗೆ ಹೊಟ್ಟೆ ಉರಿಯುವುದು ಬಿದ್ದದ್ದಕ್ಕಲ್ಲ. ನೀರು ಹೋಗುವ ತೂತುಗಳು ಕಸ ಕಟ್ಟಿ, ನೀರು ಕಬ್ಬಿಣದ ಕಾಲುಗಳ ಮೇಲೆ ನಿಂತು, ತುಕ್ಕು ಹಿಡಿದು ತೂತು ಬಿದ್ದಿತ್ತಂತೆ. ತಪಾಸಣೆಗೆ ಬಂದವರು ವರ್ಷ ವರ್ಷವೂ ಸರಿ ಮಾಡಿ ಅಂತ ಬರೆದೇ ಬರೆದರು. ಯಾರೂ ಮಾಡಲಿಲ್ಲ. ಬ್ರೇಕ್ ಸರಿಯಿಲ್ಲ ಅಂತ ಲಾಗ್‌ಶೀಟಿನಲ್ಲಿ ಬರೆದ ಮಾರನೇ ದಿನವೂ ಅದೇ ಬಸ್ಸನ್ನು ರೂಟಿಗೆ ಬಿಟ್ಟಿದ್ದನ್ನು ನಾನೂ ನೋಡಿದ್ದೇನೆ. ಶಿರಾಡಿ ಘಾಟಿ ಇಳಿಯುವಾಗ ಡ್ರೈವರ್ ನನ್ನ ಕಡೆ ತಿರುಗಿ ನೋಡಿದ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗುಂಡ್ಯ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ.

ಅದೇ ವರ್ಷ ಡಿಸೆಂಬರಿನಲ್ಲಿ ಹೊಸ ಸೇತುವೆ ತೆರೆದರು, ಈಗಿರುವುದು ಹೊಸದು, ಗಟ್ಟಿ ಅನ್ನುತ್ತೀಯ. ಗೊತ್ತು. ಒಪ್ಪಿದೆ. ಆದರೂ ಕೇಳು. ಸ್ವಿಸ್‌ವೇಲಿನಿಂದ ಪಿ1 ಬಸ್ಸು ಇದೆ. ಈಸ್ಟ್ ಬಸ್‌ವೇ ಅಂತ ರೈಲು ಹಳಿ ಪಕ್ಕ ಬಸ್ಸಿಗೇ ಬೇರೆ ರಸ್ತೆ, ಸಿಗ್ನಲ್ಲಿನ ಕಾಟವಿಲ್ಲ, ನೇರ ಡೌನ್‌ಟೌನ್. ಅಲ್ಲಿಂದ ಓಕ್ಲೆಂಡಿಗೆ ಇನ್ನೊಂದು ಬಸ್ಸು. ಸುತ್ತು ದಾರಿ, ಆದರೆ ಮೂರು ಗಂಟೆಯ ಒಳಗೇ ಅಲ್ವಾ, ದುಡ್ಡು ಜಾಸ್ತಿ ಆಗುವುದಿಲ್ಲ. ಅಲ್ಲೂ ಸೇತುವೆ ಇರುತ್ತೆ ಅಪ್ಪಾ, 446 ಸೇತುವೆ ಇರೋ ಊರು ಇದು ಅನ್ನುತ್ತೀಯ. ಅನ್ನು. ನನಗೆ ಆ ಒಂದು ಸೇತುವೆಯದೇ ಯೋಚನೆ.

ನಿಮ್ಮಮ್ಮನಿಗೆ ಇದು ಯಾವುದನ್ನೂ ಹೇಳಬೇಡ. ಪಿ1 ಯಾಕೆ ಅಂತ ಕೇಳಿದರೆ ಬೇಗ ಹೋಗುತ್ತೆ ಅನ್ನು.

ಇನ್ನೊಂದು. ಹೋದ ಸಲ ಫಿಫ್ತ್ ರಸ್ತೆಯ ಸ್ಟಾಪಿನಲ್ಲಿ ಒಬ್ಬ ಅಮೆರಿಕದವನೇ ನಿನ್ನ ಹತ್ತಿರ ದಾರಿ ಕೇಳಿದ. ಯಾವ ಬಸ್, ಎಲ್ಲಿ ಇಳಿಯಬೇಕು, ಎಲ್ಲ ಹೇಳಿ ಕಳಿಸಿದೆ. ಪಕ್ಕದಲ್ಲಿ ನಾನು ನಿಂತಿದ್ದೆ, ಏನೂ ಅನ್ನಲಿಲ್ಲ. ಡಿಪೋದ ಹಳೇ ಸ್ನೇಹಿತರಿಗೆಲ್ಲ ಹೇಳಿ ಆಯ್ತು, ನಿನಗೆ ಈಗ ಹೇಳುತ್ತಿದ್ದೇನೆ. ಆ ಥರವೇ ಅಮ್ಮನಿಗೂ ಹೇಳಿಕೊಡು, ಗದರಬೇಡ. ಮೊದಲ ದಿನ ಜೊತೆಗೆ ಹೋಗು. ಎರಡನೇ ದಿನ ಹಿಂದಿನ ಸೀಟಿನಲ್ಲಿ ಕೂತು ಸುಮ್ನೆ ನೋಡು, ಹಗ್ಗ ಅವಳೇ ಎಳೆಯಲಿ. ಆಮೇಲೆ ಬಿಟ್ಟುಬಿಡು.

ಚಟ್ನಿಪುಡಿ ಫ್ರಿಜ್ಜಿನಲ್ಲಿ ಇಡಬೇಡ, ತೇವ ಹಿಡಿಯುತ್ತದೆ. ಓದಿದ ಮೇಲೆ ಫೋನ್ ಮಾಡು. ನಮ್ಮ ಬೆಳಿಗ್ಗೆ ಆರರ ಮೇಲೆ ಯಾವಾಗ ಬೇಕಾದರೂ, ಎದ್ದಿರುತ್ತೇನೆ.

ಅಪ್ಪ