ಪುಣೆಗೆ ಹೋಗಲಾ ಅಂತ ಕೇಳಿದ ಮಗಳಿಗೆ

ಪುಟ್ಟಿ,

ನಿನ್ನೆ ರಾತ್ರಿ ರೇಗಿದ್ದು ತಪ್ಪಾಯ್ತು. ಪುಣೆಯ ಕೆಲಸ ಒಪ್ಪಿಕೊಳ್ಳಲಾ ಬೇಡ್ವಾ ಅಂತ ನೀನು ಕೇಳಿದೆ, ನಾನು "ಅದನ್ನೂ ನಾನೇ ಹೇಳಬೇಕಾ" ಅಂತ ಕೂಗಿ ಫೋನಿಟ್ಟೆ. ನಿನ್ನ ಮೇಲೆ ಸಿಟ್ಟಿರಲಿಲ್ಲ. ಭಯ ಆಯ್ತು.

ಸಿಇಟಿ ಆಪ್ಷನ್ ಎಂಟ್ರಿ ದಿನ ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನಲ್ಲಿ ಕೂತಿದ್ದೆವಲ್ಲ, ಅದೇ ತಲೆಯಲ್ಲಿ ಸುತ್ತುತ್ತಿದೆ. ಪ್ರತಿ ಕಾಲೇಜಿಗೆ ನಂಬರ್ ಹಾಕುವ ಮೊದಲು ನೀನು ತಿರುಗಿ ನನ್ನ ಮುಖ ನೋಡುತ್ತಿದ್ದೆ. ನಾನು ತಲೆಯಾಡಿಸಿದ ಮೇಲೆಯೇ ಕೀ ಒತ್ತುತ್ತಿದ್ದೆ. ನನ್ನ ಮಗಳು ಎಷ್ಟು ಮಾತು ಕೇಳ್ತಾಳೆ ಅಂತ ಆವತ್ತು ಎದೆ ಉಬ್ಬಿತ್ತು.

ಈಗ ಹಾಗನ್ನಿಸುವುದಿಲ್ಲ. 2009ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಖಚಿತವಾಗಿ ಸಿಗುವ ದುಡ್ಡು ಬೇಕಾ, ಲಾಟರಿ ಬೇಕಾ ಅಂತ ಕೇಳಿದ್ದರು. ಅವರಷ್ಟಕ್ಕೆ ಆರಿಸುವಾಗ ಮಿದುಳಿನ ಕೆಲವು ಭಾಗಗಳು ಲಾಭ ನಷ್ಟ ತೂಗುವುದು ಕಾಣುತ್ತಿತ್ತು. ಅರ್ಥಶಾಸ್ತ್ರಜ್ಞರ ಸಲಹೆ ಎದುರಿಗೆ ಬಂದಾಗ ಆ ತೂಗಾಟದ ಗುರುತೇ ಸಿಗಲಿಲ್ಲ. ಓದಿದಾಗಿನಿಂದ ಒಂದೇ ಯೋಚನೆ. ನನ್ನ ಮುಖ ನೋಡುತ್ತಿದ್ದ ಆ ಒಂದು ಗಂಟೆ ನಿನ್ನೊಳಗೆ ಏನು ನಡೀತಿತ್ತು?

ಆ ಎಮೊರಿ ಪ್ರಯೋಗಕ್ಕೂ ಹಿಂದಿನ ವರ್ಷ ಆಕ್ಸ್‌ಫರ್ಡಿನವರು ಇನ್ನೊಂದು ನೋಡಿದ್ದರು. ಸಲಹೆ ಕೊಟ್ಟವನ ಮಾತು ಎಷ್ಟು ಸಲ ನಿಜವಾಯ್ತು ಅನ್ನುವ ಲೆಕ್ಕವನ್ನು, ಸ್ವಂತ ಅನುಭವದ ಲೆಕ್ಕದ ಪಕ್ಕದಲ್ಲೇ ಮಿದುಳು ಇಟ್ಟುಕೊಳ್ಳುತ್ತದಂತೆ. ನನ್ನ ಲೆಕ್ಕ ಹೇಳಿಬಿಡುತ್ತೇನೆ ಕೇಳು. ಕಂಪ್ಯೂಟರ್ ಸೈನ್ಸ್ ಬಗ್ಗೆ ನನಗೆ ಗೊತ್ತಿದ್ದದ್ದು ಆಫೀಸಿನ ಒಬ್ಬರು ಚಹಾ ಕುಡಿಯುವಾಗ ಹೇಳಿದ್ದಷ್ಟೇ. ಅದನ್ನೇ ನಿನಗೆ ಅಪ್ಪನ ಮಾತು ಅಂತ ದಾಟಿಸಿದೆ. ಕ್ಷಮಿಸು.

ಪುಣೆ ವಿಷಯಕ್ಕೆ ಮೊದಲು ನಿನ್ನ ಉತ್ತರ ಒಂದು ಕಾಗದದಲ್ಲಿ ಬರೆದಿಡು. ಆಮೇಲೆ ಬೇರೆಯವರನ್ನು ಕೇಳು. ಅಲ್ಲಿ ಕೆಲಸ ಮಾಡಿ ಬಿಟ್ಟವರನ್ನೂ ಕೇಳು, ಬಾಂಡ್ ಇದೆಯಾ ನೋಡು, ಮನೆ ಬಾಡಿಗೆ ಎಷ್ಟು ಅಂತ ವಿಚಾರಿಸು, ರಾತ್ರಿ ಪಾಳಿ ಇದ್ದರೆ ಕ್ಯಾಬ್ ಕೊಡ್ತಾರಾ ಕೇಳು, ಸಂಬಳ ಒಂದನ್ನೇ... ನೋಡು, ಮತ್ತೆ ಶುರು ಮಾಡಿದೆ. ಸಾಕು.

ಒಂದು ಮಾತು ನಾಲ್ಕು ವರ್ಷದಿಂದ ಕೇಳದೆ ಇಟ್ಟುಕೊಂಡಿದ್ದೇನೆ. ಆವತ್ತು ನೀನು ನೋಟ್‌ಬುಕ್ ಹಾಳೆಯಲ್ಲಿ ಪಟ್ಟಿ ಬರೆದುಕೊಂಡು ಬಂದಿದ್ದೆ. ಮೊದಲ ಸಾಲಿನ ಮೇಲೆ ನೀಲಿ ಪೆನ್ನಿನಲ್ಲಿ ಗೀಚಿ ಗೀಚಿ ಹೊಡೆದುಹಾಕಿದ್ದೆ. 'ಧಾ' ಅನ್ನುವ ಅಕ್ಷರ ಮಾತ್ರ ಕಾಣುತ್ತಿತ್ತು. ನೋಡಿದೆ, ಸುಮ್ನೆ ಇದ್ದೆ.

ಧಾರವಾಡದ ಕೃಷಿ ಕಾಲೇಜಾ ಪುಟ್ಟಿ?

ನಿನ್ನ
ಅಪ್ಪ